ಉದಾಹರಣೆಯೊಳಗಿನ ಗಂಡಸು

ಹಾಲೋ ಕ್ರೀಕ್ ಕಾರಾಗೃಹ, ಕೆಂಟಕಿ
ಸೆಪ್ಟೆಂಬರ್ ೧, ೨೦೧೩

ಮರಿ ಡೆಲ್ಲಾ,

ನಿನ್ನ ಅಪ್ಪ ಈ ವಯಸ್ಸಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದಾನೆ ಎಂದು ಗೊತ್ತಾದರೆ ನಿನ್ನಜ್ಜಿ ಗೋರಿಯಿಂದ ಎದ್ದು ಬಂದು ನಕ್ಕಾಳು. ನಗಲಿ. ಪರೀಕ್ಷೆ ಇಪ್ಪತ್ತನೇ ತಾರೀಖು, ಶುಕ್ರವಾರ. ನಿನ್ನದೂ ಅದೇ ದಿನವಂತೆ. ನೀನು ಕಾಲೇಜಿನಲ್ಲಿ, ನಾನು ಇಲ್ಲಿ, ಇಬ್ಬರಿಗೂ ಒಂದೇ ಪರೀಕ್ಷೆ. ತರಗತಿಯಲ್ಲಿ ಒಂದು ದಿನವೂ ಕೂರದೆ, ಒಂದೂವರೆ ಗಂಟೆ ಕಂಪ್ಯೂಟರಿನ ಮುಂದೆ ಕೂತು ಸರಿ ಉತ್ತರ ಒತ್ತಿದರೆ ಒಂದು ಇಡೀ ವಿಷಯದ ಕ್ರೆಡಿಟ್ ಕೈಗೆ ಬರುತ್ತದೆ. ಇಂಥದ್ದೊಂದು ಇದೆ ಎಂದು ಮೊದಲೇ ಗೊತ್ತಿದ್ದರೆ ಹೈಸ್ಕೂಲನ್ನೂ ಹೀಗೆಯೇ ಮುಗಿಸಿಬಿಡುತ್ತಿದ್ದೆ.

ಐವತ್ತು ಅಂಕ ಬಂದರೆ ಸಾಕು, ನನ್ನ ಕಾಲೇಜು ಸರ್ಟಿಫಿಕೇಟ್ ಪೂರ್ತಿಯಾಗುತ್ತದೆ. ಅದಕ್ಕೆ ಶಿಕ್ಷೆಯಲ್ಲಿ ಕಡಿತವಿದೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಕೋಳಿಯನ್ನು ನಿನ್ನ ಮೇಜಿನಲ್ಲೇ ಕೂತು ತಿನ್ನಬಹುದು. ಫೇಲಾದರೆ ಮೂರು ತಿಂಗಳು ಮತ್ತೆ ಬರೆಯುವ ಹಾಗಿಲ್ಲ, ಅಷ್ಟರಲ್ಲಿ ಬಿಡುಗಡೆ ತೀರ್ಮಾನಿಸುವ ಪೆರೋಲ್ ಮಂಡಳಿ ಕೂತು ಎದ್ದು ಹೋಗಿರುತ್ತದೆ. ಇನ್ನೆರಡು ಷರತ್ತುಗಳಿವೆ. ಇಲ್ಲಿ ಹೊಡೆದಾಟದಲ್ಲಿ ನನ್ನ ಹೆಸರು ಬರಬಾರದು. ಹೊರಗೆ ನನಗೊಂದು ಮನೆ ಇರಬೇಕು. ಪೆರೋಲ್ ಅಧಿಕಾರಿ ನಿನ್ನ ಬಾಗಿಲಿಗೆ ಬಂದು, ಇವನಿಗೆ ಮಲಗಲು ಜಾಗವಿದೆಯೇ ಎಂದು ಕೇಳುತ್ತಾನೆ. ಹೌದು ಅಂದುಬಿಡು. ನಿನ್ನನ್ನು ಬಿಟ್ಟರೆ ನನ್ನನ್ನು ಒಳಗೆ ಕರೆಯುವವರು ಈ ಭೂಮಿಯ ಮೇಲೆ ಯಾರೂ ಇಲ್ಲ.

ನಿನ್ನೆ ಊಟದ ಸಾಲಿನಲ್ಲಿ ಒಬ್ಬ ಇನ್ನೊಬ್ಬನ ಬಾಯಿಗೆ ತಟ್ಟೆಯ ಅಂಚಿನಿಂದ ಹೊಡೆದ. ಹಲ್ಲೊಂದು ಹಾರಿ ಬಂದು ನನ್ನ ಬೀನ್ಸ್ ಒಳಗೆ ಬಿತ್ತು. ಹಿಂದಿನ ವರ್ನನ್ ಟ್ಯಾಕೆಟ್ ಆಗಿದ್ದರೆ ಅಲ್ಲೇ ಇಬ್ಬರನ್ನೂ ಮಲಗಿಸುತ್ತಿದ್ದ. ಈಗ ಹಲ್ಲನ್ನು ಪಕ್ಕಕ್ಕಿಟ್ಟು ಬೀನ್ಸ್ ತಿಂದೆ. ನನ್ನ ಕೋಣೆಯಲ್ಲೇ ಇರುವ ಮುದುಕ ಲೂಥರ್ ಹೊಟ್ಟೆ ಹಿಡಿದುಕೊಂಡು ನಕ್ಕ: "ಏನ್ ಪ್ರೊಫೆಸರ್ರೇ, ಹಲ್ಲಿನ್ ಮೇಲೂ ಪರೀಕ್ಷೇಲಿ ಪ್ರಶ್ನೆ ಬರುತ್ತಾ?"

ನೀನು ಕಳಿಸಿದ ಪ್ರಶ್ನೆ-ಉತ್ತರದ ಚೀಟಿಗಳನ್ನು ಅಂಚೆ ಕೋಣೆಯವರು ಇಟ್ಟುಕೊಂಡರು. ರಟ್ಟು ಒಳಗೆ ಬರಕೂಡದಂತೆ. ಇಲ್ಲಿ ರಟ್ಟನ್ನೂ ಮಡಚಿ ಮಡಚಿ ಹರಿತ ಮಾಡುವವರಿದ್ದಾರೆ, ಅವರ ಭಯವೂ ಸುಳ್ಳಲ್ಲ. ಅದಕ್ಕೇ ಪ್ರಶ್ನೆಗಳನ್ನು ಕಾಗದದಲ್ಲೇ ಬರೆ. ನಾನು ಉತ್ತರ ಬರೆಯುತ್ತೇನೆ, ನೀನು ತಿದ್ದು. ಇಲ್ಲಿ ಪಾಠ ಹೇಳುವ ಪ್ರುಯಿಟ್ ಮೇಡಂ ಒಂದು ಮಾತು ಹೇಳಿದ್ದಾರೆ: "ಪುಸ್ತಕದಲ್ಲಿರೋದನ್ನ ಉರು ಹೊಡೀಬೇಡಿ, ಪರೀಕ್ಷೆ ದಿನ ಕೈ ಕೊಡುತ್ತೆ. ಕಣ್ಣಾರೆ ಕಂಡಿದ್ದನ್ನೇ ಉದಾಹರಣೆ ಮಾಡ್ಕೊಳ್ಳಿ. ಕಂಡಿದ್ದು ಮರೆಯಲ್ಲ." ನೀನೂ ಹಾಗೆಯೇ ಮಾಡು. ಪುಸ್ತಕದ ಇಲಿ, ಪಾರಿವಾಳ ಬೇಡ. ನೀನು ಕಂಡದ್ದನ್ನೇ ಬರೆ.

ನಿನ್ನ ಅಪ್ಪ

•

ಹೇಝಲ್ ಫೋರ್ಕ್
ಸೆಪ್ಟೆಂಬರ್ ೫

ಅಪ್ಪಾ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಹೋಟೆಲಿನಲ್ಲಿ ಕರಿಯುವ ಎಣ್ಣೆ ಮಣಿಕಟ್ಟಿಗೆ ಸಿಡಿಯಿತು, ಬ್ಯಾಂಡೇಜ್ ಸುತ್ತಿಕೊಂಡು ಬರೆಯುತ್ತಿದ್ದೇನೆ. ದೊಡ್ಡದೇನಲ್ಲ.

ಓದು ನನ್ನದೂ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆಯೇ ಇದೆ. ಜನವರಿಯಿಂದ ಪುಸ್ತಕ ಮೇಜಿನ ಮೇಲೆ ಬಿದ್ದಿತ್ತು, ಅದರ ಮೇಲೆ ಕಾಫಿ ಲೋಟ ಇಡುತ್ತಿದ್ದೆ. ಈಗ ಪಾಸಾಗದಿದ್ದರೆ ನರ್ಸಿಂಗ್ ಸೀಟು ಇನ್ನೊಬ್ಬರಿಗೆ ಹೋಗುತ್ತದೆ. ನನ್ನ ಜೊತೆಗಿರುವ ಗ್ಯಾರೆಟ್ ಟೈರ್ ಅಂಗಡಿಯಿಂದ ಬಂದವನು ಕೈ ತೊಳೆಯುವುದಕ್ಕೂ ಮೊದಲೇ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಾನೆ. ತಪ್ಪು ಹೇಳಿದರೆ ಬಿಡುವುದಿಲ್ಲ, ಮತ್ತೆ ಮತ್ತೆ ಹೇಳಿಸುತ್ತಾನೆ. ಅವನು ನನಗೆ ಮೇಷ್ಟ್ರಿಗಿಂತ ಕಷ್ಟ.

ಮೇಡಂ ಹೇಳಿದ ದಾರಿ ಒಳ್ಳೆಯದು ಅನ್ನಿಸಿತು. ಕಂಡದ್ದನ್ನೇ ಬರೆದಿದ್ದೇನೆ. ಉತ್ತರ ಕಳಿಸು.

ಒಂದು. ಊಟದ ಮೇಜಿನಲ್ಲಿ ಹೆಂಡತಿ ಏನೋ ಎದುರು ಮಾತಾಡುತ್ತಾಳೆ. ಗಂಡಸು ಕೈಯ ಹಿಂಬದಿಯಿಂದ ಅವಳ ಬಾಯಿಗೆ ಹೊಡೆಯುತ್ತಾನೆ. ರಕ್ತ ಮೆಕ್ಕೆಜೋಳದ ಬ್ರೆಡ್ಡಿನ ಮೇಲೆ ಬೀಳುತ್ತದೆ. ಅಂದಿನಿಂದ ಅವಳು ಊಟದ ಹೊತ್ತಿನಲ್ಲಿ ಬಾಯಿ ತೆರೆಯುವುದಿಲ್ಲ. ಇದನ್ನು ಏನೆನ್ನುತ್ತಾರೆ?

ಎರಡು. ಗಂಡಸು ಕೂಗಾಡಲು ಶುರು ಮಾಡುತ್ತಾನೆ. ಹೆಂಗಸು ಓಡಿ ಹೋಗಿ ಅವನಿಗೆ ಬಾಟಲಿ ತಂದು ಕೊಡುತ್ತಾಳೆ. ಕೂಗಾಟ ನಿಲ್ಲುತ್ತದೆ. ಮುಂದಿನ ಸಲ ಅವನು ಬಾಯಿ ತೆರೆಯುವ ಮೊದಲೇ ಬಾಟಲಿ ಮೇಜಿನ ಮೇಲಿರುತ್ತದೆ. ಅವಳಿಗೆ ಆದದ್ದೇನು?

ಎರಡನೆಯದರಲ್ಲಿ ಎಲ್ಲರೂ ಎಡವುತ್ತಾರೆ. ನಿಧಾನವಾಗಿ ಓದು.

ನಿನ್ನ ಮರಿ

•

ಹಾಲೋ ಕ್ರೀಕ್
ಸೆಪ್ಟೆಂಬರ್ ೯

ಡೆಲ್ಲಾ,

ಮೊದಲು ಉತ್ತರ. ಒಂದು, ಶಿಕ್ಷೆ. ಎರಡು, ಋಣಾತ್ಮಕ ಪುನರ್ಬಲನ. ಕಾಟ ತಪ್ಪಿತು, ಅದಕ್ಕೇ ಅವಳು ಅದನ್ನೇ ಮತ್ತೆ ಮಾಡಿದಳು. ಎಡವಲಿಲ್ಲ, ನೋಡು.

ಮೂರು ದಿನದಿಂದ ಎಲ್ಲರನ್ನೂ ಕೋಣೆಯೊಳಗೇ ಕೂಡಿಹಾಕಿದ್ದಾರೆ. ಸ್ನಾನದ ಮನೆಯಲ್ಲಿ ಒಬ್ಬನ ಕುತ್ತಿಗೆಗೆ ಹರಿತ ಮಾಡಿದ ಹಲ್ಲುಜ್ಜುವ ಬ್ರಷ್ಷನ್ನು ಇಳಿಸಿದರು. ನಾನು ಸಾಬೂನು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಅವನು ಕುತ್ತಿಗೆ ಹಿಡಿದುಕೊಂಡು ನನ್ನನ್ನೇ ನೋಡಿದ, ಬೆರಳ ಸಂದಿಯಿಂದ ರಕ್ತ ಚಿಮ್ಮುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮೈಗೆ ಸಾಬೂನು ಹಚ್ಚಿಕೊಂಡೆ. ನೋಡಿದೆ ಎಂದರೆ ಸಾಕ್ಷಿ, ಮುಟ್ಟಿದೆ ಎಂದರೆ ಪಾಲುದಾರ. ನನಗೆ ಮನೆಗೆ ಬರಬೇಕು.

ಈಗ ನಿನ್ನ ವಿಷಯ. ಮಣಿಕಟ್ಟಿಗೆ ಎಣ್ಣೆ ಸಿಡಿಯಿತು ಎಂದೆ. ಡೆಲ್ಲಾ, ಇಂಥ ಮಾತುಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಮೆಟ್ಟಿಲಿಂದ ಜಾರಿದೆ, ಬಾಗಿಲು ತಗುಲಿತು, ಎಣ್ಣೆ ಸಿಡಿಯಿತು. ಹೆಂಗಸರು ಇಂಥದ್ದನ್ನು ಯಾವಾಗ ಹೇಳುತ್ತಾರೆ ಎಂದು ನನಗೆ ಗೊತ್ತು. ನೀನು ಕಂಡದ್ದನ್ನೇ ಬರೆದಿದ್ದೇನೆ ಅನ್ನುತ್ತೀಯ. ಬ್ರೆಡ್ಡಿನ ಮೇಲೆ ರಕ್ತ ಬಿದ್ದದ್ದನ್ನು ಎಲ್ಲಿ ಕಂಡೆ? ಪುಸ್ತಕದಲ್ಲಿ ಅಂಥದ್ದು ಇರುವುದಿಲ್ಲ.

ಈ ಗ್ಯಾರೆಟ್ ಹೇಗಿದ್ದಾನೆ? ಎಷ್ಟು ಎತ್ತರ? ಕುಡಿಯುತ್ತಾನೆಯೇ? ತಪ್ಪು ಹೇಳಿದರೆ ಬಿಡುವುದಿಲ್ಲ ಎಂದೆಯಲ್ಲ, ಹಾಗೆಂದರೇನು? ಯಾವ ಗಾಡಿ ಓಡಿಸುತ್ತಾನೆ?

ಅಪ್ಪ

•

ಹೇಝಲ್ ಫೋರ್ಕ್
ಸೆಪ್ಟೆಂಬರ್ ೧೨

ಅಪ್ಪಾ,

ಎರಡಕ್ಕೆ ಎರಡೂ ಸರಿ! ಗ್ಯಾರೆಟ್‌ಗೆ ತೋರಿಸಿದೆ. "ನ-ನಮ್ ಮಾವ ನಿನಗಿಂತ ಜಾಣ ಕಣೇ" ಅಂದ. ಅವನಿಗೆ ಸ್ವಲ್ಪ ತೊದಲು. ಮಾವ ಎಂದು ಈಗಲೇ ಕರೆಯುತ್ತಿದ್ದಾನೆ, ನೀನೂ ಹುಡುಗನ ಎತ್ತರ, ಗಾಡಿ ಎಲ್ಲ ವಿಚಾರಿಸುತ್ತಿದ್ದೀಯ. ಹೆಣ್ಣು ಕೇಳಿದವನು ಯಾರು, ಗಂಡು ನೋಡುವವನು ಯಾರು ಎಂದು ನನಗೇ ನಗು ಬಂತು. ಎತ್ತರ ನಿನ್ನಷ್ಟಿಲ್ಲ. ಕುಡಿಯುವುದು ಭಾನುವಾರ ಒಂದು ಬಿಯರ್. ಗಾಡಿ ಕೆಂಪು ಟ್ರಕ್ಕು, ಬಣ್ಣ ಹೋಗಿದೆ. ಬೆಳಿಗ್ಗೆ ಏಳಕ್ಕೆ ಅಂಗಡಿ ತೆಗೆದು ಸಂಜೆ ಆರಕ್ಕೆ ಮುಚ್ಚುತ್ತಾನೆ. ಸಾಕೇ ವಿವರ?

ಈಗ ಮನೆಯಲ್ಲಿ ಮಾತ್ರ ಅವನ ಗಲಾಟೆ ತಡೆಯಲಾಗುತ್ತಿಲ್ಲ. ಹಿಂದಿನ ಕೋಣೆಯ ಬಾಗಿಲನ್ನು ಕಿತ್ತು ಹಾಕಿದ್ದಾನೆ. ಗೋಡೆ ಒಡೆದಿದ್ದಾನೆ. ನಾನು ಕಾಲಿಟ್ಟರೆ ಬೈಯುತ್ತಾನೆ. ಯಾಕೆ ಎಂದು ನಿನಗೆ ಈಗ ಹೇಳುವುದಿಲ್ಲ.

ಬ್ರೆಡ್ಡಿನ ರಕ್ತದ ವಿಚಾರ ಬಿಡು ಅಪ್ಪಾ. ಪರೀಕ್ಷೆ ಮುಗಿಯಲಿ. ಈಗ ಅದನ್ನು ಮಾತಾಡುವ ಶಕ್ತಿ ನನಗಿಲ್ಲ.

ಮೂರು. ಸೈಲೆನ್ಸರ್ ಒಡೆದ ಟ್ರಕ್ಕಿನ ಸದ್ದು ಜಲ್ಲಿಯ ಮೇಲೆ ಕೇಳಿಸಿದ ಕೂಡಲೇ ಹುಡುಗಿಯ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಅವಳು ಮಂಚದ ಕೆಳಗೆ ತೂರಿಕೊಳ್ಳುತ್ತಾಳೆ. ಟ್ರಕ್ಕು ಅವಳಿಗೆ ಏನೂ ಮಾಡಿಲ್ಲ. ಹಾಗಾದರೆ ಏನಿದು?

ನಾಲ್ಕು. ಗಂಡಸು ಕುಡಿದು ಮಲಗಿದ್ದಾನೆ. ಬಾಗಿಲು ತೆರೆದೇ ಇದೆ, ಗಾಡಿಯ ಕೀಲಿ ಮೊಳೆಯಲ್ಲಿ ನೇತಾಡುತ್ತಿದೆ. ಹೆಂಗಸಿನ ಮುರಿದ ಕೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿದೆ. ಅವಳು ಎದ್ದು ಹೋಗುವುದಿಲ್ಲ. ಕೂತು ಅವನ ಅಂಗಿಗೆ ಗುಂಡಿ ಹಾಕುತ್ತಾಳೆ. ಏನಿದು?

ನಿನ್ನ ಮರಿ

•

ಹಾಲೋ ಕ್ರೀಕ್
ಸೆಪ್ಟೆಂಬರ್ ೧೫

ಡೆಲ್ಲಾ,

ಮೂರು, ಗಂಟೆ ಕೇಳಿ ಜೊಲ್ಲು ಸುರಿಸುವ ನಾಯಿಯ ಪಾಠ. ನಾಲ್ಕು, ಕಲಿತ ಅಸಹಾಯಕತೆ. ನಮ್ಮ ಹಳೆಯ ಟ್ರಕ್ಕಿನ ಸೈಲೆನ್ಸರೂ ಹಾಗೆಯೇ ಒಡೆದಿತ್ತು, ನೆನಪಿದೆಯೇ? ನಾನು ಗಣಿಯಿಂದ ಬರುವುದು ಇಡೀ ಕೊಳ್ಳಕ್ಕೆ ಕೇಳಿಸುತ್ತಿತ್ತು. ಒಳ್ಳೆಯ ಗಾಡಿ ಅದು.

ನಿನ್ನ ಕಾಗದವನ್ನು ಊಟ ಬಿಟ್ಟು ಓದಿದೆ. ಬಾಗಿಲು ಕಿತ್ತಿದ್ದಾನೆ. ಗೋಡೆ ಒಡೆದಿದ್ದಾನೆ. ನಿನ್ನ ಮನೆಯಲ್ಲಿ ನೀನು ಕಾಲಿಟ್ಟರೆ ಬೈಯುತ್ತಾನೆ. ನಿನ್ನ ಕೈಗೆ ಬ್ಯಾಂಡೇಜು. ಮಾತಾಡುವ ಶಕ್ತಿ ಇಲ್ಲ ಅನ್ನುತ್ತೀಯ. ನನ್ನ ಮಗಳು ಮಂಚದ ಕೆಳಗೆ! ಲೂಥರ್‌ಗೆ ಓದಿ ಹೇಳಿದೆ. ಅವನು ಇನ್ನೊಮ್ಮೆ ಓದಿಸಿದ. ಆಮೇಲೆ, "ವರ್ನನ್, ಅವಳನ್ನ ನೇರವಾಗ್ ಕೇಳು. ಹೊಡೆದೋನ್ ಹೆಸರು ಹೇಳಿಲ್ಲ ಅವಳು. ಒಂದ್ ಸಲಾನೂ ಹೇಳಿಲ್ಲ" ಅಂದ. ಹೆಸರು ಹೇಳುವಷ್ಟು ಧೈರ್ಯವಿದ್ದರೆ ನೀನು ಪ್ರಶ್ನೆಯ ವೇಷ ಹಾಕಿ ಯಾಕೆ ಬರೆಯುತ್ತಿದ್ದೆ? ನಾನು ದಡ್ಡನಲ್ಲ. ಅಳುವುದಕ್ಕೂ ಇದೊಂದೇ ದಾರಿ ಉಳಿದಿದೆ ನಿನಗೆ, ನನಗೆ ಅರ್ಥವಾಗಿದೆ.

"ಮಗಳನ್ನ ಮುಟ್ಟಿದೋನ ಕೈ ಉಳಿಬಾರ್ದು" ಅಂದೆ. "ಹಂಗಾದ್ರೆ ಪರೀಕ್ಷೆ?" ಅಂದ ಮುದುಕ. "ಅದೂ ಆಗುತ್ತೆ."

ಹೆಣ್ಣಿನ ಮೇಲೆ ಕೈ ಮಾಡುವವನಿಗೆ ಇನ್ನೊಬ್ಬ ಗಂಡಸು ಬರುವ ತನಕ ಬುದ್ಧಿ ಬರುವುದಿಲ್ಲ. ಇಲ್ಲಿ ಡೀಕನ್ ಎಂದು ಕರೆಯುವ ಒಬ್ಬನಿದ್ದಾನೆ. ಅವನ ತಮ್ಮಂದಿರು ನಿಮ್ಮ ಕಡೆಯವರೇ. ಅವರು ಈ ವಾರ ಅತ್ತ ಬರುತ್ತಾರೆ. ಈ ಕಾಗದವನ್ನು ತೆರೆದು ಓದುವವರಿದ್ದಾರೆ, ಇಷ್ಟೇ ಬರೆಯುತ್ತೇನೆ. ನೀನು ಹೆದರಬೇಡ. ಯಾರಿಗೂ ಏನೂ ಹೇಳಬೇಡ. ಓದು.

ಅಪ್ಪ

•

ಹೇಝಲ್ ಫೋರ್ಕ್
ಸೆಪ್ಟೆಂಬರ್ ೧೮

ಅಪ್ಪಾ,

ನಿನ್ನ ಕಾಗದ ಕೆಲಸಕ್ಕೆ ಹೊರಡುವಾಗ ಬಂತು, ಹೋಟೆಲಿನಲ್ಲಿ ಟೇಬಲ್ ಒರೆಸುವ ನಡುವಿನ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಒಂದೇ ಉಸಿರಿಗೆ ಕಣ್ಣಾಡಿಸಿದೆ, ಪೂರ್ತಿ ಅರ್ಥವಾಗಲಿಲ್ಲ. ನಾನು ಅಳುತ್ತಿಲ್ಲ. ನಾಡಿದ್ದು ಪರೀಕ್ಷೆ, ತಲೆಯೊಳಗೆ ಮೆದುಳಿನ ಭಾಗಗಳ ಹೆಸರೆಲ್ಲ ಕಲಸಿಹೋಗಿವೆ, ಅಷ್ಟೇ. ನೀನೂ ಹೆದರಬೇಡ. ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಡಬೇಡ, ತಪ್ಪಾದರೂ ಅಂಕ ಕಳೆಯುವುದಿಲ್ಲ.

ನಿನ್ನ ಸ್ನೇಹಿತನ ತಮ್ಮಂದಿರು ಬರುವುದಾದರೆ ಭಾನುವಾರ ಬರಲಿ. ಗ್ಯಾರೆಟ್ ಕೋಳಿ ಹುರಿಯುತ್ತಾನೆ. ಪರೀಕ್ಷೆ ಮುಗಿಸಿ ನಿನಗೆ ಹೇಳೋಣ ಅಂದುಕೊಂಡಿದ್ದೆ, ಈಗಲೇ ಹೇಳಿಬಿಡುತ್ತೇನೆ. ಆ ಹಿಂದಿನ ಕೋಣೆ ನಿನಗೆ. ಸೋರುವ ಗೋಡೆ ಒಡೆದು ಹೊಸದು ಹಾಕಿದ್ದಾನೆ, ಹೊಸ ಬಾಗಿಲು ಕೂರಿಸಿದ್ದಾನೆ. "ಅ-ಅಷ್ಟು ವರ್ಷ ಹೊರಗಡೆಯಿಂದ ಬೀಗ ಹಾಕಿಸ್ಕೊಂಡೋರು ಕಣೆ, ಚಿಲಕ ಒಳಗಡೆ ಇರ್ಲಿ" ಅಂತ ಪೇಟೆಯೆಲ್ಲ ಸುತ್ತಿ ಒಂದು ಒಳ್ಳೆಯ ಚಿಲಕ ತಂದ. ಬಣ್ಣ ಹಸಿಯಾಗಿದೆ, ಅದಕ್ಕೇ ನಾನು ಕಾಲಿಟ್ಟರೆ ಬೈಗುಳ. ನಿನ್ನನ್ನು ನೋಡಿಯೇ ಇಲ್ಲ ಅವನು. ನಿನ್ನ ಬಗ್ಗೆ ನಾನು ಅವನಿಗೆ ಒಳ್ಳೆಯದನ್ನೇ ಹೇಳಿದ್ದೇನೆ.

ಶುಕ್ರವಾರ ಅವನೇ ನನ್ನನ್ನು ಕಾಲೇಜಿಗೆ ಬಿಡುತ್ತಾನೆ. ಅಂಕ ಆಗಲೇ ಪರದೆಯ ಮೇಲೆ ಬರುತ್ತದಂತೆ.

ನಿನ್ನ ಮರಿ

•

ಹಾಲೋ ಕ್ರೀಕ್
ಸೆಪ್ಟೆಂಬರ್ ೨೦

ಮರಿ ಡೆಲ್ಲಾ,

ಐವತ್ತೆಂಟು! ಕಂಪ್ಯೂಟರು ಸ್ವಲ್ಪ ಹೊತ್ತು ಯೋಚಿಸಿ, ಆಮೇಲೆ ಉಗುಳಿತು. ಪ್ರುಯಿಟ್ ಮೇಡಂ ನನ್ನ ಬೆನ್ನು ತಟ್ಟಿದರು, ಕಾವಲಿನವನು ಅದನ್ನು ನೋಡಿಯೂ ಸುಮ್ಮನಿದ್ದ. ನಿನ್ನ ನಾಲ್ಕು ಪ್ರಶ್ನೆಗಳಲ್ಲಿ ಮೂರು, ಮಾತು ಬೇರೆ ಮಾಡಿಕೊಂಡು, ಹಾಗೆಯೇ ಬಂದಿದ್ದವು. ಬ್ರೆಡ್ಡಿನ ಮೇಲಿನ ರಕ್ತ ಕಣ್ಣ ಮುಂದೆ ಬಂತು, ಉತ್ತರ ತಾನಾಗಿ ಬಂತು. ಮೇಡಂ ಹೇಳಿದ್ದು ನಿಜ.

ನಿನ್ನೆ ಬಟ್ಟೆ ಒಗೆಯುವ ಕೋಣೆಯಲ್ಲಿ ಡೀಕನ್‌ಗೆ ಆಗದವನೊಬ್ಬನ ಕೈ ಇಸ್ತ್ರಿ ಯಂತ್ರದೊಳಗೆ ಸಿಕ್ಕಿಕೊಂಡಿತು. ಮೊಣಕೈವರೆಗೂ. ಅವನು ಕಿರುಚಿದ್ದು ಅಂಗಳದವರೆಗೆ ಕೇಳಿಸಿತಂತೆ. ಯಾರೂ ಏನೂ ನೋಡಲಿಲ್ಲ, ನಾನೂ ನೋಡಲಿಲ್ಲ, ನನ್ನ ಹೆಸರು ಎಲ್ಲೂ ಇಲ್ಲ. ಡೀಕನ್‌ಗೆ ಕೊಡಬೇಕಾದ್ದನ್ನು ಕೊಟ್ಟಾಯಿತು ಎಂದಷ್ಟೇ ತಿಳಿದುಕೋ. ಲೂಥರ್ ನಿನ್ನೆಯಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಮುದುಕರಿಗೆ ಎಲ್ಲದಕ್ಕೂ ಭಯ.

ಈ ಹೊತ್ತಿಗೆ ನಿನ್ನ ಮನೆ ಹಗುರಾಗಿರಬೇಕು. ಇನ್ನು ಯಾವ ಟ್ರಕ್ಕಿನ ಸದ್ದಿಗೂ ನೀನು ಅವಿತುಕೊಳ್ಳಬೇಕಾಗಿಲ್ಲ. ಅಪ್ಪ ಅಂದರೆ ಇದಕ್ಕೇ ಇರುವುದು. ಅಧಿಕಾರಿ ಸೋಮವಾರ ಬರುತ್ತಾನೆ. ಮಲಗಲು ಜಾಗವಿದೆ ಎಂದು ಹೇಳು. ನೆಲದ ಮೇಲಾದರೂ ಸರಿ.

ನಿನಗೆಷ್ಟು ಬಂತು?

ನಿನ್ನ ಅಪ್ಪ

•

ಹೇಝಲ್ ಫೋರ್ಕ್
ಸೆಪ್ಟೆಂಬರ್ ೨೫

ವರ್ನನ್ ಟ್ಯಾಕೆಟ್ ಅವರಿಗೆ,

ಗುರುವಾರ ಸಂಜೆ ಗ್ಯಾರೆಟ್ ಅಂಗಡಿಯ ಬಾಗಿಲು ಎಳೆಯುತ್ತಿದ್ದಾಗ ಇಬ್ಬರು ಬಂದರು. ನಾನು ಅವನಿಗೆ ಊಟ ತಂದಿದ್ದೆ, ರಸ್ತೆಯ ಈಚೆ ಇದ್ದೆ. ಅವರಲ್ಲೊಬ್ಬ, ಗ್ಯಾರೆಟ್ ನೀನೇ ಏನೋ ಎಂದು ಕೇಳಿದ. ಅವನಿಗೆ ಹೆಸರು ಹೇಳುವಾಗ ತೊದಲು ಜಾಸ್ತಿ. ಅವನು ಗ, ಗ, ಅನ್ನುತ್ತಿರುವಾಗಲೇ ಟೈರ್ ಬಿಚ್ಚುವ ಕಬ್ಬಿಣವನ್ನು ಅವನದೇ ಅಂಗಡಿಯಿಂದ ತೆಗೆದು ದವಡೆಗೆ ಬಾರಿಸಿದರು. ಬಿದ್ದ ಮೇಲೆ ಒಬ್ಬ ಅವನ ಬಲಗೈಯನ್ನು ಜಾಕಿಯ ಮೇಲೆ ಇಟ್ಟು ಹಿಡಿದುಕೊಂಡ, ಇನ್ನೊಬ್ಬ ಹೊಡೆದ. ಮೂಳೆ ಮುರಿಯುವ ಸದ್ದು ರಸ್ತೆಯ ಈಚೆಗೂ ಕೇಳುತ್ತದೆ. ನಾನು ಕಿರುಚುತ್ತಾ ಓಡಿ ಹೋಗಿ ಹೊಡೆಯುತ್ತಿದ್ದವನ ಬೆನ್ನ ಮೇಲೆ ಬಿದ್ದೆ, ಅವನು ನನ್ನನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ. "ನೀನ್ ಹೆದರ್ಬೇಡ ತಂಗಿ. ನಿಮ್ಮಪ್ಪನೇ ಹೇಳ್ ಕಳ್ಸಿರೋದು. ಇನ್ಮೇಲೆ ಇವ್ನು ನಿನ್ನ ಮುಟ್ಟಲ್ಲ" ಅಂದ. ಒಳ್ಳೆಯ ಕೆಲಸ ಮಾಡಿದವನ ಮುಖವಿತ್ತು ಅವನಿಗೆ.

ಕೈ ಇನ್ನು ಮುಷ್ಟಿ ಕಟ್ಟುವುದಿಲ್ಲವಂತೆ. ದವಡೆಯನ್ನು ತಂತಿಯಿಂದ ಬಿಗಿದಿದ್ದಾರೆ. ಶುಕ್ರವಾರ ಬೆಳಿಗ್ಗೆ ನಾನು ಆಸ್ಪತ್ರೆ ಬಿಟ್ಟು ಹೋಗುವುದಿಲ್ಲ ಅಂದಾಗ ಅವನು ಎಡಗೈಯಲ್ಲಿ, ಚಿಕ್ಕ ಮಕ್ಕಳ ಹಾಗೆ, "ಹೋಗು" ಎಂದು ಬರೆದ. ನನ್ನ ಅಂಗಿಯ ತೋಳಿನ ಮೇಲೆ ಅವನ ರಕ್ತ ಒಣಗಿತ್ತು. ಅದೇ ಅಂಗಿಯಲ್ಲಿ ಹೋಗಿ ಬರೆದೆ. ಅರವತ್ತೊಂದು.

ನಿನ್ನ ಕೊನೆಯ ಕಾಗದ ನಿನ್ನೆ ಬಂತು. ನಿನ್ನ ಎಲ್ಲ ಕಾಗದಗಳನ್ನೂ ಮತ್ತೆ ತೆಗೆದು ಓದಿದೆ, ನೀನು ಏನು ತಿಳಿದುಕೊಂಡೆ ಎಂದು ಆಗ ಗೊತ್ತಾಯಿತು. ಹದಿನೈದರ ಕಾಗದವನ್ನು ನಾನು ನಿಧಾನವಾಗಿ ಓದಬೇಕಿತ್ತು. ನಿನಗೆ ಆ ಮಾತು ಹೇಳಿದವಳು ನಾನೇ. ಆದರೆ ನೀನು ಆ ಟ್ರಕ್ಕನ್ನು ಒಳ್ಳೆಯ ಗಾಡಿ ಎಂದು ಬರೆದಿದ್ದೀಯ. ಕುಂಬಳಕಾಯಿ ಕಳ್ಳ ಅಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ನೀನು ಅಷ್ಟನ್ನೂ ಮಾಡಲಿಲ್ಲ. ಕಂಡದ್ದನ್ನೇ ಬರೆ ಎಂದೆ, ನಾನು ಬರೆದೆ. ನೀನು ಓದಿ ನಾಚುತ್ತೀಯ, ಮನೆಗೆ ಬರುವ ಮೊದಲು ಒಂದು ಮಾತಾದರೂ ಆಡುತ್ತೀಯ ಅಂದುಕೊಂಡಿದ್ದೆ. ಅದಕ್ಕಾಗಿಯೇ ಕಾಯುತ್ತಿದ್ದೆ.

ನಿನ್ನ ಉತ್ತರಗಳು ಪೂರ್ತಿ ಇರಲಿಲ್ಲ, ತಿದ್ದಿ ಕಳಿಸುತ್ತಿದ್ದೇನೆ. ಮೊದಲನೆಯದು ಶಿಕ್ಷೆ, ಸರಿ. ಹೊಡೆದವನು ನೀನು, ಬಾಯಿ ಅಮ್ಮನದು, ಈಸ್ಟರ್ ಹಬ್ಬದ ಊಟ. ಎರಡನೆಯದೂ ಸರಿ. ಬಾಟಲಿಯನ್ನು ಮೇಜಿನ ಮೇಲೆ ಇಡುವ ಕೆಲಸ ಆಮೇಲೆ ಅಮ್ಮ ನನಗೆ ಕಲಿಸಿದಳು. ಮೂರನೆಯದರ ಟ್ರಕ್ಕು ನಿನ್ನದು, ಮಂಚ ನನ್ನದು. ನಾಲ್ಕನೆಯದರಲ್ಲಿ ಅವಳು ಗುಂಡಿ ಹಾಕುತ್ತಿದ್ದ ಅಂಗಿ ನೀಲಿ ಬಣ್ಣದ್ದು, ಮರುದಿನ ಅದನ್ನೇ ತೊಟ್ಟು ನೀನು ಗಣಿಗೆ ಹೋದೆ. ಅವಳ ಆ ಕೈ ಸಾಯುವವರೆಗೂ ನೆಟ್ಟಗಾಗಲಿಲ್ಲ.

ಅಧಿಕಾರಿ ಸೋಮವಾರ ಬಂದಿದ್ದ. ಒಳ್ಳೆಯ ಮನುಷ್ಯ, ಟೋಪಿ ತೆಗೆದು ಒಳಗೆ ಬಂದ. ಕೋಣೆ ನೋಡಿದ, ಹೊಸ ಗೋಡೆ ತಟ್ಟಿ ನೋಡಿದ. "ಚೆನ್ನಾಗ್ ಮಾಡಿಸಿದೀರಮ್ಮಾ. ನಿಮ್ ತಂದೆಗೇ ಅಲ್ವಾ?" ಅಂದ.

"ಅಲ್ಲ ಸರ್. ಅವ್ರಿಗೆ ಈ ಮನೇಲಿ ಜಾಗ ಇಲ್ಲ" ಅಂದೆ.

ಅವನು ಬರೆದುಕೊಂಡು ಹೋದ. ಆಮೇಲೆ ನಾನು ಆ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು ಕೂತೆ. ಗಟ್ಟಿಯಾಗಿದೆ.

ಡೆಲ್ಲಾ